ಗಂಧದ ಸಂಶೋಧನೆ ಹೊಲಕ್ಕೆ ಇಳಿಯಿತೇ?

ಶ್ರೀಗಂಧದ ಸಂಶೋಧನೆ ರೈತರನ್ನು ಮುಟ್ಟಿತೇ ಎಂದು ಕೇಳಿದರೆ, ನರ್ಸರಿಯಿಂದ ಎಷ್ಟು ಸಸಿ ಹೋಯಿತು ಎಂಬ ಲೆಕ್ಕವನ್ನೇ ಮುಂದಿಡುತ್ತಾರೆ. ಆ ಲೆಕ್ಕ ಸಾಲದು. ಗಂಧ ಅರೆ ಪರಾವಲಂಬಿ. ಎಲೆಯಲ್ಲಿ ಆಹಾರ ತಯಾರಿಸಿಕೊಂಡರೂ ನೀರು, ಖನಿಜಗಳಿಗೆ ಪಕ್ಕದ ಗಿಡದ ಬೇರಿಗೆ ಅಂಟಿಕೊಳ್ಳುತ್ತದೆ. ಸಸಿ ಕೊಟ್ಟು ಈ ತಿಳಿವಳಿಕೆ ಕೊಡದಿದ್ದರೆ ಸಂಶೋಧನೆ ನರ್ಸರಿ ಗೇಟಿನಲ್ಲೇ ಉಳಿಯಿತು.

ಹಾಗಾಗಿ ಮೌಲ್ಯಮಾಪನಕ್ಕೆ ಹೋದವರು ಮೊದಲು ಆಸರೆ ಗಿಡ, ಎಂದರೆ ಗಂಧದ ಬೇರು ಅಂಟಿಕೊಳ್ಳುವ ಪಕ್ಕದ ಗಿಡ, ಹುಡುಕಬೇಕು. ನರ್ಸರಿಯಲ್ಲಿ ಬೀಜವನ್ನು ಮೊಳಕೆಗೆ ನೆರವಾಗುವ ಸಸ್ಯ ಹಾರ್ಮೋನಾದ ಜಿಬ್ಬರೆಲಿಕ್ ಆಮ್ಲದ 500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 500 ಭಾಗ) ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಮೊಳೆತ ಸಸಿಯನ್ನು ತೊಗರಿಯೊಂದಿಗೆ ಒಂದೇ ಚೀಲದಲ್ಲಿ ಬೆಳೆಸುತ್ತಾರೆ. ತೊಗರಿಯ ತುದಿ ಚಿವುಟದಿದ್ದರೆ ಅದು ಗಂಧವನ್ನೇ ಮುಚ್ಚಿಬಿಡುತ್ತದೆ. ಹೊಲಕ್ಕೆ ಹೋದ ಮೇಲೂ ತೊಗರಿಯ ಆಯಸ್ಸು ಹೆಚ್ಚಿಲ್ಲ. ಅದು ಒಣಗುವ ಮೊದಲೇ ಹೊಂಗೆ, ಸರ್ವೆಯಂಥ ಬಹುವಾರ್ಷಿಕ ಗಿಡ ಪಕ್ಕದಲ್ಲಿ ಬೇರೂರಿರಬೇಕು. ಇಲ್ಲದಿದ್ದರೆ ಎಲೆ ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. ರೈತರು ಗೊಬ್ಬರದ ಕೊರತೆ ಎಂದುಕೊಂಡು ಯೂರಿಯಾ ಸುರಿಯುತ್ತಾರೆ. ಇಂಥ ಒಂದು ತೋಟ ಕಂಡರೆ ಸಾಕು, ಯಾವ ಮಾತು ರೈತನ ಕಿವಿಗೆ ಬಿದ್ದಿಲ್ಲ ಎಂದು ಗೊತ್ತಾಗುತ್ತದೆ.

ಇನ್ನೊಂದು ತೊಡಕು, ಶ್ರೇಯಸ್ಸು ಯಾರದು ಎಂಬುದು. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿ ತನ್ನ ಜಮೀನಿನ ಗಂಧಕ್ಕೆ ರೈತನನ್ನೇ ಮಾಲೀಕನನ್ನಾಗಿ ಮಾಡಿತು. ಆಮೇಲೆ ನೆಟ್ಟ ಮರಗಳನ್ನೆಲ್ಲ ಪ್ರಯೋಗಾಲಯದ ಖಾತೆಗೆ ಬರೆದುಕೊಳ್ಳುವುದು ತಪ್ಪು. ಒಂದೇ ಹೋಬಳಿಯಲ್ಲಿ, ಒಂದೇ ವರ್ಷ ನೆಟ್ಟವರಲ್ಲಿ ತರಬೇತಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು. ಆಗಲೂ ಎಚ್ಚರ ಬೇಕು: ತರಬೇತಿಗೆ ಬರುವವರು ಹೆಚ್ಚಾಗಿ ಕೊಳವೆಬಾವಿ ಇದ್ದವರೇ ಆಗಿದ್ದರೆ, ನೀರಿನ ಗುಣವನ್ನು ಪಾಠದ ಗುಣವೆಂದು ಎಣಿಸಿಬಿಡುತ್ತೇವೆ. ಮಣ್ಣು, ನೀರಾವರಿ ಎರಡೂ ಸಮನಿರುವ ಜೋಡಿಗಳನ್ನೇ ಆರಿಸಿಕೊಳ್ಳುವುದು ಕ್ಷೇಮ.

ಏನನ್ನು ಅಳೆಯಬೇಕು? ಮೂರನೇ ವರ್ಷ, ಬದುಕಿದ ಗಿಡ ಎಷ್ಟು, ಅವುಗಳಲ್ಲಿ ಆಸರೆ ಇರುವವು ಎಷ್ಟು ಎಂದು ಎಣಿಸಬೇಕು. ಮುಂದೆ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ. ಆದರೆ ದಪ್ಪ ಮರವೆಂದರೆ ಹಣದ ಮರವೆಂದಲ್ಲ. ಬೆಲೆ, ಪರಿಮಳ ಎರಡೂ ಚೇಗಿನಲ್ಲಿ, ಎಂದರೆ ಕಾಂಡದ ಒಳಗಿನ ಕಂದು ಮರದಲ್ಲಿವೆ. ಸಮವಯಸ್ಸಿನ, ಸಮದಪ್ಪದ ಮರಗಳಲ್ಲೂ ಅದರ ಪ್ರಮಾಣ ಬೇರೆಬೇರೆ. ಅದನ್ನು ತಿಳಿಯಲು ಟೊಳ್ಳು ಬೈರಿಗೆಯಿಂದ ಕಾಂಡದಿಂದ ಪೆನ್ಸಿಲ್ ದಪ್ಪದ ಮರದ ತುಣುಕು ತೆಗೆದು, ಬಿಳಿ ಭಾಗ ಮುಗಿದು ಕಂದು ಬಣ್ಣ ಎಲ್ಲಿ ಶುರುವಾಗುತ್ತದೆ ಎಂದು ಅಳೆಯುತ್ತಾರೆ. ತೂತನ್ನು ಮುಚ್ಚದೆ ಬಿಟ್ಟರೆ ಶಿಲೀಂಧ್ರ ಹೊಕ್ಕುತ್ತದೆ.

ಚೇಗು ಕಟ್ಟಿ ಕೈಗೆ ಸಿಗುವಷ್ಟಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಯೋಜನೆಯ ಹಣ ಅಷ್ಟು ಕಾಲ ಇರುವುದಿಲ್ಲ. ಆದ್ದರಿಂದ ಮೊದಲ ದಿನವೇ ಪ್ರತಿ ತೋಟದ ಸರ್ವೆ ನಂಬರ್, ಬೀಜದ ಮೂಲ, ನೆಟ್ಟ ತಿಂಗಳು ದಾಖಲಾಗಬೇಕು. ಹೊಸಬರು ಬಂದರೂ ಅದೇ ಮರವನ್ನು ಹುಡುಕಲು ಸಾಧ್ಯವಾಗಬೇಕು. ಕಳವಾದ ಮರಗಳಿಗೂ ಆ ಪುಸ್ತಕದಲ್ಲಿ ಒಂದು ಕಾಲಂ ಇರಲಿ. ಅವನ್ನು ಸತ್ತ ಗಿಡಗಳ ಜೊತೆ ಸೇರಿಸಿದರೆ, ಬೇಸಾಯ ಕ್ರಮ ಸೋತಿತೆಂಬ ಸುಳ್ಳು ತೀರ್ಮಾನ ಹೊರಡುತ್ತದೆ.