ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ, ರಿಪೇರಿ ಮಾಡಬಹುದೇ?

ಪ್ರಶ್ನೆ: ಕಂಪ್ಯೂಟರ್‌ನಲ್ಲಿರುವ 1 ಟಿಬಿ ಹಾರ್ಡ್ ಡಿಸ್ಕ್ ಇತ್ತೀಚೆಗೆ ವಿಪರೀತ ನಿಧಾನವಾಗಿದೆ. ಕೆಲವು ಫೋಲ್ಡರ್ ತೆರೆದರೆ ಎಲ್ಲವೂ ನಿಂತುಬಿಡುತ್ತದೆ. ಡ್ರೈವ್‌ನಲ್ಲಿ ದೋಷವಿದೆ, ಸ್ಕ್ಯಾನ್ ಮಾಡಿ ಸರಿಪಡಿಸಿ ಎಂದು ವಿಂಡೋಸ್ ಹೇಳುತ್ತಿದೆ. ಹಾಗೆ ಮಾಡಿದರೆ ಡಿಸ್ಕ್ ಸರಿಹೋಗುತ್ತದೆಯೇ? ಒಳಗಿರುವ ಫೋಟೋ, ದಾಖಲೆಗಳನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಸದ್ಯಕ್ಕೆ ಆ ಸಂದೇಶವನ್ನು ಮುಚ್ಚಿಬಿಡಿ, ಸರಿಪಡಿಸಲು ಹೋಗಬೇಡಿ. ಸವೆದ ಹಾರ್ಡ್ ಡಿಸ್ಕ್ ಮತ್ತೆ ನಂಬುವಂತಾಗುವುದಿಲ್ಲ. ಅದರೊಳಗಿನ ಮಾಹಿತಿಯನ್ನು ಹೊರತೆಗೆಯುವುದೊಂದೇ ಈಗ ಮಾಡಬೇಕಾದ ಕೆಲಸ, ಅದಕ್ಕೆ ಡಿಸ್ಕ್‌ನಲ್ಲಿ ಎಷ್ಟು ಗಂಟೆಗಳ ಆಯಸ್ಸು ಉಳಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಆ ಗಂಟೆಗಳನ್ನು ನಕಲು ತೆಗೆಯಲು ಬಳಸಬೇಕು.

ವಿಂಡೋಸ್‌ನ ದೋಷ ಸರಿಪಡಿಸುವ ಸಾಧನವಾದ ಚೆಕ್ ಡಿಸ್ಕ್ ಇಲ್ಲಿ ಗಾಯದ ಮೇಲೆ ಬರೆ ಎಳೆದಂತೆ. ಡಿಸ್ಕ್ ಗಟ್ಟಿಯಾಗಿದೆ, ಫೈಲ್‌ಗಳ ಲೆಕ್ಕ ಮಾತ್ರ ತಪ್ಪಿದೆ ಎಂದುಕೊಂಡೇ ಅದು ಕೆಲಸ ಶುರುಮಾಡುತ್ತದೆ. ಲೆಕ್ಕ ಸರಿಮಾಡಲು ಅದೇ ಡಿಸ್ಕ್ ಮೇಲೆ ಬರೆಯುತ್ತದೆ. ಓದಲಾಗದ ಫೋಲ್ಡರಿನ ನಮೂದನ್ನು ಕಿತ್ತುಹಾಕಿ, ಉಳಿದ ಚೂರುಗಳನ್ನು ಹೆಸರಿಲ್ಲದ ಫೈಲ್‌ಗಳಾಗಿ ಒಂದು ಫೋಲ್ಡರಿಗೆ ಸುರಿಯುವುದೂ ಉಂಟು. ಕೆಟ್ಟ ಸೆಕ್ಟರ್ (ಡಿಸ್ಕ್ ಮಾಹಿತಿ ಇಡುವ ಪುಟ್ಟ ಖಾನೆ) ಹುಡುಕುವ ಆಯ್ಕೆ ಕೊಟ್ಟರಂತೂ ಡಿಸ್ಕ್‌ನ ಮೂಲೆಮೂಲೆಯನ್ನೂ ಓದಿಸಿ ಗಂಟೆಗಟ್ಟಲೆ ದಣಿಸುತ್ತದೆ. ಅಷ್ಟು ಹೊತ್ತು ಓದಿದ್ದರಲ್ಲಿ ಒಂದು ಬೈಟ್ ಕೂಡ ಬೇರೆಡೆ ಉಳಿದಿರುವುದಿಲ್ಲ.

ಮೊದಲು ಕಿವಿಗೊಟ್ಟು ಕೇಳಿ

ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿದ್ದರೆ, ಕಂಪ್ಯೂಟರ್ ಆನ್ ಆಗುವಾಗ ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಬಯಾಸ್‌ನಲ್ಲಿ ಅದರ ಹೆಸರು ಮತ್ತು ಗಾತ್ರ ಸರಿಯಾಗಿ ಕಾಣುತ್ತಿದ್ದರೆ ಮನೆಯಲ್ಲೇ ಪ್ರಯತ್ನಿಸಬಹುದು. ಒಂದೇ ಲಯದಲ್ಲಿ ಟಕ್ ಟಕ್ ಎನ್ನುತ್ತಿದ್ದರೆ, ಮಾಹಿತಿ ಇರುವ ತಿರುಗುವ ತಟ್ಟೆಯ ಮೇಲೆ ಆಡುತ್ತಾ ಅದನ್ನು ಓದುವ ಹೆಡ್‌ಗೆ ತನ್ನ ದಾರಿಗುರುತು ಓದಲಾಗುತ್ತಿಲ್ಲ, ಪ್ರತಿಸಲವೂ ಮೂಲ ಜಾಗಕ್ಕೆ ಹಿಂತಿರುಗಿ ಮತ್ತೆ ಹುಡುಕುತ್ತಿದೆ ಎಂದರ್ಥ. ತಿರುಗದೆ ಬೀಪ್ ಎಂದು ನರಳುತ್ತಿದ್ದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು, ಇಲ್ಲವೇ ಮೋಟಾರ್ ಸಿಕ್ಕಿಕೊಂಡಿರಬಹುದು. ಈ ಎರಡರಲ್ಲಿ ಯಾವುದು ಕೇಳಿದರೂ ತಕ್ಷಣ ವಿದ್ಯುತ್ ತೆಗೆಯಿರಿ. ಹೆಡ್ ಮತ್ತು ತಟ್ಟೆಯ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಬಾಗಿದ ಹೆಡ್ ಪ್ರತಿ ಸುತ್ತಿನಲ್ಲೂ ಕಾಂತೀಯ ಲೇಪವನ್ನು ಕೆರೆಯುತ್ತದೆ, ಕೆರೆದುಹೋದ ಜಾಗದ ಮಾಹಿತಿಯನ್ನು ಯಾವ ಪ್ರಯೋಗಾಲಯವೂ ತರಲಾರದು. ಮಾಹಿತಿ ಅಷ್ಟು ಮುಖ್ಯವಾದರೆ ಧೂಳುರಹಿತ ಕೊಠಡಿ ಇರುವ ರಿಕವರಿ ತಜ್ಞರಿಗೇ ಕೊಡಿ.

ನಿಮ್ಮ ಡಿಸ್ಕ್ ನಿಧಾನ ಮಾತ್ರ, ಹಾಗಾಗಿ ಒಮ್ಮೆ ಸ್ಮಾರ್ಟ್ ದಾಖಲೆ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದರೆ ಸಾಕು. ಮುಖ್ಯವಾದ ಸಾಲುಗಳು ನಾಲ್ಕು. 5 ಎಂದರೆ ಈಗಾಗಲೇ ಬದಲಿ ಜಾಗಕ್ಕೆ ಕಳುಹಿಸಿದ ಸೆಕ್ಟರ್‌ಗಳು. 197 (ಆ ತಂತ್ರಾಂಶದಲ್ಲಿ C5) ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. 198 (C6) ಎಂದರೆ ಡಿಸ್ಕ್ ತಾನೇ ನಡೆಸಿದ ಪರೀಕ್ಷೆಯಲ್ಲಿ ಓದಲಾಗದವು. 199 (C7) ಮಾತ್ರ ಬೇರೆ ಜಾತಿ, ಅದು ಮಾಹಿತಿ ಸಾಗಣೆಯ ದೋಷಗಳ ಎಣಿಕೆ: ಅದು ಏರುತ್ತಿದ್ದರೆ ತಟ್ಟೆಗಿಂತ ಮೊದಲು ಡಿಸ್ಕ್ ಅನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ಮೇಲೆ ಅನುಮಾನಪಡಿ. ಉಳಿದ ಮೂರು ಸೊನ್ನೆಯಾಗಿದ್ದು 199 ಮಾತ್ರ ಬೆಳೆಯುತ್ತಿದ್ದರೆ ಕೇಬಲ್ ಬದಲಿಸಿದರೇ ಕೆಲಸ ಮುಗಿಯಬಹುದು. ಆ ತಂತ್ರಾಂಶ ಮೂಲಮೌಲ್ಯಗಳನ್ನು ಸಾಮಾನ್ಯವಾಗಿ ಹೆಕ್ಸ್ (16ರ ಆಧಾರದ) ಲೆಕ್ಕದಲ್ಲಿ ತೋರಿಸುತ್ತದೆ, ಅಲ್ಲಿ 10 ಎಂದಿದ್ದರೆ ಅದು 16. ಸೀಗೇಟ್ ಡಿಸ್ಕ್‌ಗಳಲ್ಲಿ 1ನೇ ಸಾಲಿನ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಡಿ, ಅವುಗಳಲ್ಲಿ ಅದು ಮಾಮೂಲು. ದೀರ್ಘ ಸ್ವಯಂಪರೀಕ್ಷೆಯನ್ನಂತೂ ಈಗ ನಡೆಸಬೇಡಿ. ಚೆಕ್ ಡಿಸ್ಕ್‌ಗೆ ಹೇಳಿದ ಮಾತು ಅದಕ್ಕೂ ಅನ್ವಯ.

ನಕಲು ತೆಗೆಯುವುದು

ನಿಮಗೆ ನಿಜವಾಗಿ ಬೇಕಿರುವುದು ಒಂದೆರಡು ಫೋಲ್ಡರ್ ಮಾತ್ರವಾಗಿ, ಅವು ಇನ್ನೂ ತೆರೆಯುತ್ತಿದ್ದರೆ, ಅವನ್ನೇ ಮೊದಲು ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ವಿಂಡೋಸ್‌ನ ನಕಲು ಆಜ್ಞೆ ರೋಬೊಕಾಪಿ ಬಳಸುವುದಾದರೆ ಮರುಪ್ರಯತ್ನ 1 (/R:1), ಕಾಯುವ ಸಮಯ 1 ಸೆಕೆಂಡ್ (/W:1) ಎಂದು ಕಡ್ಡಾಯವಾಗಿ ಕೊಡಿ. ಸುಮ್ಮನೆ ಬಿಟ್ಟರೆ ಅದು ಓದಲಾಗದ ಒಂದೊಂದು ಫೈಲನ್ನೂ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಇದಕ್ಕಿಂತ ಕ್ರೂರ ಶಿಕ್ಷೆ ಇಲ್ಲ.

ಎಲ್ಲವೂ ಬೇಕು ಎಂದಾದರೆ ಫೈಲ್‌ಗಳನ್ನು ಮರೆತು ಇಡೀ ಡಿಸ್ಕ್ ಅನ್ನು ಸೆಕ್ಟರ್ ಸೆಕ್ಟರ್ ಆಗಿ ನಕಲಿಸಬೇಕು. ಇದಕ್ಕೆ ಉಚಿತವಾಗಿ ಸಿಗುವ ಗ್ನೂ ಡಿಡಿರೆಸ್ಕ್ಯೂ ಅತ್ಯುತ್ತಮ. ಸಿಸ್ಟಮ್ ರೆಸ್ಕ್ಯೂ ಎಂಬ ಲಿನಕ್ಸ್ ಅನ್ನು ಪೆನ್ ಡ್ರೈವ್‌ಗೆ ಬರೆದು ಅದರಿಂದ ಬೂಟ್ ಮಾಡಿದರೆ ಅದು ಅಲ್ಲೇ ಇರುತ್ತದೆ. ನಕಲು ಹೋಗುವ ಡಿಸ್ಕ್ ಮೂಲದಷ್ಟೇ ದೊಡ್ಡದು ಅಥವಾ ಇನ್ನೂ ದೊಡ್ಡದಿರಬೇಕು. ನಕಲನ್ನು ಇಮೇಜ್ ಫೈಲ್ (ಇಡೀ ಡಿಸ್ಕ್ ಅಡಗಿದ ಒಂದೇ ಫೈಲ್) ಆಗಿ ಇಡುವುದಾದರೆ 2 ಟಿಬಿ ಡಿಸ್ಕ್ ತೆಗೆದುಕೊಳ್ಳಿ, ಅದು ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಕೆಟ್ಟ ಡಿಸ್ಕ್ ಅನ್ನು ನೇರವಾಗಿ ಸಾಟಾ ಕೇಬಲ್‌ಗೆ ಸಿಕ್ಕಿಸುವುದು ಒಳ್ಳೆಯದು. ಯುಎಸ್‌ಬಿ ಅಡಾಪ್ಟರ್‌ಗಳು ಕೆಟ್ಟ ಸೆಕ್ಟರ್ ಸಿಕ್ಕಾಗ ತಾವೇ ಸ್ತಬ್ಧವಾಗುವುದುಂಟು.

ಆಜ್ಞೆಯಲ್ಲಿ ಮೂರು ಹೆಸರುಗಳು ಈ ಕ್ರಮದಲ್ಲಿ ಬರುತ್ತವೆ: ಮೂಲ, ಗುರಿ, ಮ್ಯಾಪ್ ಫೈಲ್. ಮೊದಲೆರಡು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೋಗಳ ಮೇಲೆ ಬರೆದುಕೊಳ್ಳುತ್ತದೆ, ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಗಾತ್ರ ನೋಡಿ ಗುರುತಿಸುವುದು ಸಾಲದು, ಎರಡೂ 1 ಟಿಬಿ ಇರಬಹುದು. ಡಿಸ್ಕ್ ಮೇಲಿನ ಸ್ಟಿಕ್ಕರ್‌ನ ಸೀರಿಯಲ್ ಸಂಖ್ಯೆಯನ್ನು ಪರದೆಯಲ್ಲಿ ಕಾಣುವುದರ ಜೊತೆ ಹೋಲಿಸಿ. ಮ್ಯಾಪ್ ಫೈಲ್‌ನಲ್ಲಿ ಎಲ್ಲಿ ಓದಿಯಾಯಿತು, ಎಲ್ಲಿ ಬಾಕಿ ಎಂಬ ಲೆಕ್ಕ ಇರುತ್ತದೆ. ಅದು ಇದ್ದರೆ ಮಧ್ಯದಲ್ಲಿ ನಿಲ್ಲಿಸಿ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಲೈವ್ ಲಿನಕ್ಸ್‌ನಲ್ಲಿ ಸುಮ್ಮನೆ ಉಳಿಸಿದರೆ ಅದು ರ‍್ಯಾಮ್‌ನಲ್ಲಿದ್ದು ಕಂಪ್ಯೂಟರ್ ಆರಿಸಿದೊಡನೆ ಮಾಯ, ಹಾಗಾಗಿ ಇನ್ನೊಂದು ಪೆನ್ ಡ್ರೈವ್‌ಗೆ ಬರೆಸಿ.

ಮೊದಲ ಸುತ್ತನ್ನು ಎನ್ (-n) ಆಯ್ಕೆಯೊಂದಿಗೆ ಓಡಿಸಿ. ಆಗ ಅದು ಸುಲಭವಾಗಿ ಓದಲು ಸಿಗುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗ ಬಂದರೆ ಜಿಗಿದು ಮುಂದೆ ಹೋಗುತ್ತದೆ, ಬಿಟ್ಟ ತುಂಡುಗಳನ್ನು ಒಂದೊಂದೇ ಸೆಕ್ಟರ್ ಆಗಿ ಕೆರೆಯುವ ಕೆಲಸವನ್ನು ಮುಂದಕ್ಕೆ ಹಾಕುತ್ತದೆ. ಈ ಕ್ರಮದಲ್ಲೇ ಅದರ ಜಾಣತನ ಇರುವುದು: ಡಿಸ್ಕ್ ನಡುವೆ ಸತ್ತರೂ ಹೆಚ್ಚಿನ ಭಾಗ ಕೈಯಲ್ಲಿರುತ್ತದೆ. ಎರಡನೇ ಸುತ್ತಿಗೆ ಎನ್ ತೆಗೆದು, ನೇರ ಓದಿಗೆ ಡಿ (-d), ಮೂರು ಮರುಪ್ರಯತ್ನಕ್ಕೆ ಆರ್3 (-r3) ಕೊಡಿ, ಅದೇ ಮ್ಯಾಪ್ ಫೈಲ್ ಬಳಸಿ. ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ದೊಡ್ಡ ಆರ್ (-R) ಆಯ್ಕೆಯಿಂದ ಡಿಸ್ಕ್‌ನ ಕೊನೆಯಿಂದ ಹಿಂದಕ್ಕೆ ಓದಿಸಬಹುದು.

ಆರೋಗ್ಯವಂತ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ 1 ಟಿಬಿಗೆ ಸುಮಾರು 2 ಗಂಟೆ 50 ನಿಮಿಷ. ಕಾಯಿಲೆಯ ಡಿಸ್ಕ್‌ಗೆ ದಿನಗಳೇ ಹಿಡಿಯಬಹುದು, ಅಷ್ಟೂ ಹೊತ್ತು ಅದರ ಮೇಲೆ ಫ್ಯಾನ್ ಗಾಳಿ ಆಡುತ್ತಿರಲಿ. ದೋಷಗಳ ಎಣಿಕೆ ಇದ್ದಕ್ಕಿದ್ದಂತೆ ಸರಸರನೆ ಏರತೊಡಗಿದರೆ ಡಿಸ್ಕ್ ಉತ್ತರಿಸುವುದನ್ನೇ ನಿಲ್ಲಿಸಿದೆ. ನಿಲ್ಲಿಸಿ, ವಿದ್ಯುತ್ ತೆಗೆದು ತಣಿಯಲು ಬಿಡಿ, ಮತ್ತೆ ಆರಂಭಿಸುವಾಗ ಸಾಧನದ ಹೆಸರು ಬದಲಾಗಿದೆಯೇ ನೋಡಿಕೊಳ್ಳಿ. ಟಕ್ ಟಕ್ ಸದ್ದು ಶುರುವಾದರೆ ಅಲ್ಲಿಗೆ ಮನೆಯ ಪ್ರಯತ್ನ ಮುಗಿಯಿತು.

ನಕಲಿನಿಂದ ಫೈಲ್ ತೆಗೆಯುವುದು

ಮೂಲ ಡಿಸ್ಕ್ ಅನ್ನು ಕಳಚಿ ಪಕ್ಕಕ್ಕಿಡಿ. ನಕಲು ಜೋಡಿಸಿದಾಗ ಎಷ್ಟೋ ಸಲ ಫೋಲ್ಡರ್‌ಗಳು ಎಂದಿನಂತೆ ತೆರೆದುಕೊಳ್ಳುತ್ತವೆ. ತೆರೆಯದಿದ್ದರೆ ಚೆಕ್ ಡಿಸ್ಕ್‌ನ ಸರದಿ ಈಗ ಬರುತ್ತದೆ, ಆದರೆ ನಕಲಿನ ಮೇಲೆ, ಸಾಧ್ಯವಾದರೆ ನಕಲಿನ ಇನ್ನೊಂದು ಪ್ರತಿಯ ಮೇಲೆ. ಪಾರ್ಟಿಷನ್ನೇ (ಸಿ, ಡಿ ಎಂದು ಕಾಣುವ ಡಿಸ್ಕ್‌ನ ವಿಭಾಗ) ಕಾಣದಿದ್ದರೆ ಟೆಸ್ಟ್‌ಡಿಸ್ಕ್ ಹುಡುಕಿಕೊಡುತ್ತದೆ. ಅದರ ಜೊತೆಗೇ ಬರುವ ಫೋಟೋರೆಕ್ ಕೊನೆಯ ಅಸ್ತ್ರ: ಅದು ಫೈಲ್‌ಗಳನ್ನು ಒಳಗಿನ ಗುರುತಿನಿಂದ ಪತ್ತೆಹಚ್ಚುವುದರಿಂದ ಹೆಸರೂ ಫೋಲ್ಡರೂ ಉಳಿಯುವುದಿಲ್ಲ. ಸಾವಿರಾರು ಫೋಟೋಗಳನ್ನು ಮತ್ತೆ ವಿಂಗಡಿಸುವ ತಾಳ್ಮೆ ನಿಮಗಿರಬೇಕು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಇಲ್ಲದೆ ಇದ್ಯಾವುದೂ ನಡೆಯದು.

ನಕಲಿನಲ್ಲಿ ಓದಲಾಗದ ಜಾಗಗಳು ತೂತುಗಳಾಗಿ ಉಳಿದಿರುತ್ತವೆ. ಯಾವ ಫೈಲ್‌ಗೆ ತೂತು ಬಿದ್ದಿದೆ ಎಂದು ತಿಳಿಯಲು ಡಿಡಿರೆಸ್ಕ್ಯೂವಿನ ಫಿಲ್ ಮೋಡ್ ಬಳಸಿ ಆ ಜಾಗಗಳಲ್ಲೆಲ್ಲ ವಿಚಿತ್ರವಾದೊಂದು ಪದ ಬರೆಸಿ, ಆಮೇಲೆ ಆ ಪದ ಯಾವ ಫೈಲ್‌ಗಳಲ್ಲಿದೆ ಎಂದು ಹುಡುಕಿದರಾಯಿತು. ಫೋಟೋ ಆದರೆ ಕೆಳಗಿನ ಭಾಗ ಬೂದುಬಣ್ಣಕ್ಕೆ ತಿರುಗಿರಬಹುದು, ವಿಡಿಯೋ ಒಂದು ಕ್ಷಣ ತೊದಲಿ ಮುಂದುವರಿಯಬಹುದು. ಡೇಟಾಬೇಸ್ ಮತ್ತು ಜಿಪ್ ಫೈಲ್‌ಗಳಿಗೆ ಒಂದು ತೂತೂ ಭಾರಿಯೇ.

ಡಿಸ್ಕ್ ಅನ್ನು ಫ್ರೀಜರ್‌ನಲ್ಲಿಡುವ ಸಲಹೆ ಇನ್ನೂ ಓಡಾಡುತ್ತಿದೆ. ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕೂತು ಹೆಡ್ ಹಾಳಾಗುತ್ತದೆ, ಬೇಡ. ಕೆಳಗಿನ ಸರ್ಕ್ಯೂಟ್ ಬೋರ್ಡನ್ನು ಅದೇ ಮಾದರಿಯ ಬೇರೆ ಡಿಸ್ಕ್‌ನಿಂದ ತಂದು ಹಾಕುವ ಉಪಾಯವೂ ಇತ್ತೀಚಿನ ಡಿಸ್ಕ್‌ಗಳಲ್ಲಿ ಫಲಿಸದು: ಪ್ರತಿ ಡಿಸ್ಕ್‌ನ ಹೊಂದಾಣಿಕೆಯ ವಿವರ ಅದರದೇ ಬೋರ್ಡ್‌ನ ರಾಮ್ (ROM) ಚಿಪ್‌ನಲ್ಲಿರುತ್ತದೆ, ಆ ಚಿಪ್ಪನ್ನೂ ಬಿಚ್ಚಿ ಹೊಸ ಬೋರ್ಡಿಗೆ ಬೆಸೆಯಬೇಕು. ಬಾಹ್ಯ ಡಿಸ್ಕ್ ಆಗಿದ್ದರೆ ಡಬ್ಬಿ ಒಡೆಯುವ ಮುನ್ನ ಯೋಚಿಸಿ. ಕೆಲವು ಡಬ್ಬಿಗಳ ಯುಎಸ್‌ಬಿ ಬೋರ್ಡೇ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುತ್ತದೆ, ಅದಿಲ್ಲದೆ ಡಿಸ್ಕ್ ಓದಿದರೆ ಅರ್ಥವಿಲ್ಲದ ಕಸ ಸಿಗುತ್ತದೆ.

ಎಲ್ಲ ತೆಗೆದಾದ ಮೇಲೆ ಹಳೆಯ ಡಿಸ್ಕ್ ಅನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದರೆ 197ನೇ ಸಾಲು ಸೊನ್ನೆಗೆ ಇಳಿಯಬಹುದು. ಸರಿಹೋಯಿತು ಎಂದು ಹಿಗ್ಗಬೇಡಿ. ಕಾಯುತ್ತಿದ್ದ ಸೆಕ್ಟರ್‌ಗಳ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ಅವನ್ನು ಒಪ್ಪಿಕೊಂಡಿದೆ ಅಥವಾ ಬದಲಿ ಜಾಗಕ್ಕೆ ಕಳುಹಿಸಿದೆ, ಅಷ್ಟೆ. ಅವನ್ನು ಕೆಡಿಸಿದ ಹೆಡ್ ಅಥವಾ ತಟ್ಟೆ ಹಾಗೇ ಇದೆ. ವಾರಂಟಿ ಉಳಿದಿದ್ದರೆ ಅಳಿಸಿ ಕಳುಹಿಸಿ, ಇಲ್ಲದಿದ್ದರೆ ತಟ್ಟೆಗಳಿಗೆ ತೂತು ಕೊರೆದು ಇ-ತ್ಯಾಜ್ಯಕ್ಕೆ ಹಾಕಿ.