ಸರ್ಕಾರಿ ಹರಾಜಿನಲ್ಲಿ ಕೊಂಡ ಜೀಪು ನನ್ನ ಹೆಸರಿಗೆ ಆಗುತ್ತದೆಯೇ?

ಪ್ರಶ್ನೆ: ಪುರಸಭೆಯವರು ಹಳೆಯ ಬೊಲೆರೊ ಹರಾಜಿಗಿಟ್ಟಿದ್ದಾರೆ. ಕೊಂಡರೆ ಆರ್‌ಸಿ ನನ್ನ ಹೆಸರಿಗೆ ವರ್ಗವಾಗುತ್ತದೆಯೇ?

ಉತ್ತರ: ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಮೊದಲ ನೋಂದಣಿಯ ದಿನಾಂಕ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಪುರಸಭೆ, ಸಾರಿಗೆ ನಿಗಮಗಳಿಗೂ ಇದೇ ನಿಯಮ. ಅಂಥ ಗಾಡಿ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಹೋಗಬೇಕು. ರಸ್ತೆಗಿಳಿಸುವ ಆಸೆ ಬಿಡಿ. ಪ್ರಕಟಣೆಯಲ್ಲಿ ‘ಗುಜರಿ’ ಎಂಬ ಪದವಿದ್ದರೂ ಅಷ್ಟೇ, ಬೆಲೆ ಎಷ್ಟೇ ಸೋವಿಯಾಗಿರಲಿ.

15 ವರ್ಷದೊಳಗಿನದಾದರೆ ಸಾರ್ವಜನಿಕ ಹರಾಜಿನ ದಾರಿಯೇ ಬೇರೆ. ಮಾಲೀಕತ್ವ ವರ್ಗಾವಣೆಗೆ ತುಂಬುವ ಮಾಮೂಲಿ 29, 30ನೇ ನಮೂನೆ ಅಲ್ಲ, 32ನೇ ನಮೂನೆ. ಗಾಡಿ ಕೈಗೆ ಬಂದ 30 ದಿನದೊಳಗೆ ಆರ್‌ಟಿಒಗೆ ಕೊಡಬೇಕು. ಜೊತೆಗೆ ಆರ್‌ಸಿ, ವಿಮೆ, ಹರಾಜು ನಡೆಸಿದ ಅಧಿಕಾರಿ ಸಹಿ ಮಾಡಿದ ಮಾರಾಟ ದೃಢೀಕರಣ ಪತ್ರ, ಹರಾಜಿಗೆ ಅನುಮತಿ ಕೊಟ್ಟ ಸರ್ಕಾರಿ ಆದೇಶದ ದೃಢೀಕೃತ ಪ್ರತಿ ಬೇಕು. ಎಡವಟ್ಟಾಗುವುದು ಸಾಮಾನ್ಯವಾಗಿ ಈ ಕೊನೆಯ ಕಾಗದದಲ್ಲಿ. ಹಣ ಕಟ್ಟಿದ ರಸೀದಿಯೇ ಸಾಕೆಂದುಕೊಂಡು ಗಾಡಿ ಎಳೆದುಕೊಂಡು ಬಂದವರು ಮತ್ತೆ ಕಚೇರಿ ಅಲೆಯುತ್ತಾರೆ. ಅಷ್ಟರಲ್ಲಿ ಸಹಿ ಮಾಡಬೇಕಾದವರಿಗೆ ವರ್ಗವಾಗಿರುತ್ತದೆ. ಆದೇಶದ ಪ್ರತಿ ಸಿಗುತ್ತದೆಯೇ ಎಂದು ಬಿಡ್ ಹಾಕುವ ಮುಂಚೆಯೇ ಕೇಳಿ.

ಪೊಲೀಸ್ ಅಥವಾ ಅಬಕಾರಿಯವರು ಜಪ್ತಿ ಮಾಡಿದ ಗಾಡಿಯಲ್ಲಿ ನಂಬರ್ ಪ್ಲೇಟೇ ಸುಳ್ಳಿರಬಹುದು. ಆಗ ಆರ್‌ಟಿಒ ಮೊದಲು ಆ ಇಲಾಖೆಯ ಹೆಸರಿಗೆ ಹೊಸ ನೋಂದಣಿ ಸಂಖ್ಯೆ ಕೊಟ್ಟು, ನಂತರ ನಿಮಗೆ ವರ್ಗಾಯಿಸುತ್ತದೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು, ಬಾಕಿ ತೆರಿಗೆ, ಇ-ಚಲನ್ ಇದ್ದರೆ ಯಾರ ಹೊಣೆ ಎಂಬುದನ್ನು ಬರಹದಲ್ಲೇ ಪಡೆಯಿರಿ.

ತಪಾಸಣೆಯ ದಿನ ಟಾರ್ಚ್, ಪೆನ್ಸಿಲ್, ತೆಳು ಕಾಗದ ಹಿಡಿದು ಹೋಗಿ. ಚಾಸಿ ನಂಬರಿನ ಮೇಲಿನ ಜಿಡ್ಡು ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಆರ್‌ಸಿಗೆ ಹೋಲಿಸಿ. ಒಂದಕ್ಷರ ಉಜ್ಜಿದಂತಿದ್ದರೂ ದೂರವಿರಿ. ಆಯಿಲ್ ಕಡ್ಡಿ ಎಳೆದು ನೋಡಿ: ಹಾಲು ಬೆರೆಸಿದ ಕಾಫಿ ಬಣ್ಣವಿದ್ದರೆ ಆಯಿಲಿಗೆ ನೀರು ಸೇರಿರಬಹುದು, ಎಂಜಿನ್ನಿನ ಹೆಡ್ (ಮೇಲ್ಭಾಗ) ಬಿಚ್ಚಬೇಕಾಗಬಹುದು. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು; ಗುಂಡಿ (ಟ್ರೆಡ್) ಎಷ್ಟೇ ಉಳಿದಿದ್ದರೂ ಬದಲಿಸುವ ಖರ್ಚು ಲೆಕ್ಕಕ್ಕೆ ಸೇರಿಸಿ. ಬಾನೆಟ್ಟಿನಡಿ ಇಲಿ ವೈರಿಂಗ್ ಕಡಿದಿದೆಯೇ, ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿ ತುಕ್ಕು ತಿಂದಿದೆಯೇ ನೋಡಿ. ‘ಇದ್ದ ಸ್ಥಿತಿಯಲ್ಲೇ’ ಎಂಬ ಷರತ್ತಿನ ಅರ್ಥ, ಬ್ಯಾಟರಿ ಕಾಣೆಯಾದರೂ ಕೇಳುವಂತಿಲ್ಲ.

ಜನರೇಟರ್, ಪಂಪಿಗೆ ಆರ್‌ಸಿ ರಗಳೆಯಿಲ್ಲ. ಜೆಸಿಬಿ, ಟ್ರ್ಯಾಕ್ಟರಿಗೆ ಇದೆ.

ಕೂಗಿದ ಬೆಲೆಯ ಮೇಲೆ ತೆರಿಗೆ, ಸಾಗಣೆ, ಎಫ್‌ಸಿ (ಗಾಡಿಯ ಅರ್ಹತಾ ಪತ್ರ), ಹೊಸ ವಿಮೆ ಬರುತ್ತವೆ. ಗಡುವಿನೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಇಎಂಡಿ (ಬಿಡ್‌ಗೆ ಮೊದಲು ಕಟ್ಟಿದ ಠೇವಣಿ) ಹೋಯಿತು. ಕಟ್ಟಿಯೂ ಗಾಡಿ ಎತ್ತದಿದ್ದರೆ ದಿನಕ್ಕಿಷ್ಟು ನೆಲಬಾಡಿಗೆ ಬೀಳಬಹುದು. ಆದ್ದರಿಂದ ಲಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ವಿಮೆಯಿಲ್ಲದ ಗಾಡಿಯನ್ನು ಅಲ್ಲಿಂದಲೇ ಓಡಿಸಿಕೊಂಡು ಬರಬೇಡಿ.