ಆಷಾಢದ ಹಸಿವಿಗೆ ಬಿರುಕು ನೆಲ ಯಾಕೆ?

ತೀರ್ಥಹಳ್ಳಿ, ಹೊಸನಗರ ಕಡೆಯ ಹಿಂದಿನ ಕಷ್ಟಕಾಲದ ಬಗ್ಗೆ ಕಿರುಚಿತ್ರ ಮಾಡಹೊರಟ ಹುಡುಗರ ಸ್ಕ್ರಿಪ್ಟಿನಲ್ಲಿ ಮೊದಲ ದೃಶ್ಯ ಹೆಚ್ಚುಕಮ್ಮಿ ಒಂದೇ: ಬಿರುಕು ಬಿಟ್ಟ ಕೆರೆಯಂಗಳ, ನೆತ್ತಿ ಸುಡುವ ಬಿಸಿಲು, ಆಕಾಶ ನೋಡುವ ಮುದುಕ. ಮಾರಾಯ್ರೆ, ಆಗುಂಬೆಯ ಮಗ್ಗುಲಲ್ಲಿ ಆ ಕೆರೆಯಂಗಳ ಎಲ್ಲಿಂದ ತಂದಿರಿ?

ಸಿನಿಮಾದಿಂದ. ಎಂ.ಎಸ್. ಸತ್ಯು ಅವರ ‘ಬರ’ (1982) ಬಯಲುಸೀಮೆಯ ಕಥೆ, ಅಲ್ಲಿ ಒಣನೆಲ ಇರಲೇಬೇಕು. ಅಂಥವನ್ನು ನೋಡಿ ನೋಡಿ ಬಡತನ ಅಂದರೆ ಬಿಸಿಲು ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಎಂಬತ್ತು ದಾಟಿದ ಅಜ್ಜಂದಿರೂ ಕ್ಯಾಮೆರಾ ಕಂಡರೆ ‘ಭೂಮಿ ಬಾಯಿ ಬಿಟ್ಟಿತ್ತು’ ಅನ್ನುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಪಾಪ. ಬಂದವರಿಗೆ ಏನು ಬೇಕು ಅಂತ ಅವರಿಗೆ ಗೊತ್ತು.

ಮಲೆನಾಡಿನ ಹಸಿವಿನ ಲೆಕ್ಕವೇ ಬೇರೆ. ಭತ್ತದ ಕೊಯ್ಲು ಕಾರ್ತೀಕ, ಮಾರ್ಗಶಿರಕ್ಕೆ. ಭೂಮಿಯ ಒಡೆಯರಿಗೆ ಗೇಣಿ ಅಳೆದು, ಹಳೇ ಸಾಲದ ಭತ್ತವನ್ನು ಬಡ್ಡಿ ಸಮೇತ ತೀರಿಸಿ ಉಳಿದದ್ದು ಆಷಾಢದ ಹೊತ್ತಿಗೆ ತಳ ಕಾಣುತ್ತಿತ್ತು. ನೆಟ್ಟಿ ಮುಗಿದರೆ ಕೂಲಿಯೂ ಇಲ್ಲ. ಹಳ್ಳ ತುಂಬಿ ಪೇಟೆ ದಾರಿ ಬಂದ್. ಅಡಿಕೆಗೆ ಕೊಳೆರೋಗ ಬರುವುದೂ ಆಗಲೇ, ಬಂದರೆ ತೋಟ ಇದ್ದವರೂ ಅಡಿಕೆ ಮಂಡಿಯಲ್ಲಿ ಮುಂಗಡಕ್ಕೆ ಕೈ ಒಡ್ಡಬೇಕು. ಹೊರಗೆ ಧೋ ಎಂದು ಸುರಿಯುತ್ತಿರುವಾಗಲೇ ಒಳಗೆ ಅಕ್ಕಿ ಇಲ್ಲ.

ಹಾಗಾಗಿ ‘ಕಷ್ಟ ಹೇಗಿತ್ತಜ್ಜ?’ ಅಂತ ಕೇಳಬೇಡಿ, ಸಿನಿಮಾ ಕಥೆಯೇ ಬರುತ್ತದೆ. ತಿಂಗಳು ಹಿಡಿದು ಕೇಳಿ: ಅಕ್ಕಿ ಯಾವ ಹಬ್ಬದ ಹೊತ್ತಿಗೆ ಮುಗಿಯುತ್ತಿತ್ತು, ಭತ್ತ ಯಾರ ಮನೆಯಿಂದ ಬರುತ್ತಿತ್ತು, ತಿರುಗಿ ಕೊಡುವಾಗ ಎಷ್ಟು ಹೆಚ್ಚು, ಅಳೆಯುತ್ತಿದ್ದುದು ಯಾವ ಕೊಳಗದಲ್ಲಿ. ಅಡುಗೆಯ ವಿಚಾರ ಅಜ್ಜಿಯರ ಹತ್ತಿರವೇ ಆಗಬೇಕು. ಕಳಲೆಯನ್ನು, ಅಂದರೆ ಬಿದಿರಿನ ಎಳೆ ಮೊಳಕೆಯನ್ನು, ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸದಿದ್ದರೆ ಅದರ ವಿಷ ಹೋಗುವುದಿಲ್ಲ. ಕೆಸುವಿಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಇಷ್ಟು ಹೇಳುವಾಗ ಕೈ ತಾನಾಗಿ ಹೆಚ್ಚುವ ಆಟ ಆಡುತ್ತದೆ, ಕ್ಯಾಮೆರಾ ಅಲ್ಲಿರಲಿ.

ಇನ್ನು ಇಂಥ ಸ್ಕ್ರಿಪ್ಟಿನಲ್ಲಿ ಬರುವ ಚಾವಟಿ ಹಿಡಿದ ಒಡೆಯ. ದೌರ್ಜನ್ಯ ಇರಲಿಲ್ಲ ಎನ್ನುತ್ತಿಲ್ಲ. ಆದರೆ ಸಾಗರದ ಕಡೆ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೇ ದೊಡ್ಡ ತಕರಾರು. ಯಾರದಾದರೂ ಅಟ್ಟದಲ್ಲಿ ಹಳೇ ಕೊಳಗ ಸಿಕ್ಕರೆ ಭತ್ತ ತುಂಬಿ, ತಲೆ ಸವರಿ ಒಮ್ಮೆ, ರಾಶಿ ಕಟ್ಟಿ ಒಮ್ಮೆ, ಸೇರಿನಲ್ಲಿ ಅಳೆದು ತೋರಿಸಿ. ಆ ವ್ಯತ್ಯಾಸ ಚಾವಟಿಗಿಂತ ಚೆನ್ನಾಗಿ ಕಾಣುತ್ತದೆ. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿಯಾದ ಮೇಲೆ ಗೇಣಿದಾರರು ಭೂಮಿಯ ಹಕ್ಕು ಕೇಳಿ ಕೊಟ್ಟ 7ನೇ ನಮೂನೆ ಅರ್ಜಿಯ ನಕಲು ಮನೆಯಲ್ಲಿದ್ದರೆ ಸರ್ವೆ ನಂಬರು, ವಿಸ್ತೀರ್ಣವನ್ನು ಅದರಿಂದಲೇ ಬರೆದುಕೊಳ್ಳಿ. ಬಾಯಿಮಾತಿನಲ್ಲಿ ಎಕರೆ ಬೆಳೆಯುತ್ತಾ ಹೋಗುತ್ತದೆ.

ಮಳೆಯ ಕಷ್ಟ ತೆರೆಯ ಮೇಲೆ ನಿಲ್ಲುವುದಿಲ್ಲ ಅನ್ನುವವರು ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ನೋಡಲಿ. ದೃಶ್ಯಗಳನ್ನು ಆಷಾಢದಲ್ಲೇ ತೆಗೆಯಿರಿ. ಅಜ್ಜಿಯರ ಮಾತನ್ನು ಮಾತ್ರ ಬೇಸಿಗೆಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಶೀಟಿನ ಮಾಡಿಗೆ ಮಳೆ ಬಡಿಯುವಾಗ ಮೈಕಿಗೆ ಒಂದಕ್ಷರವೂ ಸಿಗುವುದಿಲ್ಲ.